ಯಂತ್ರದ ಮೌನವ್ರತ

ಯಂತ್ರಗಳ ವಿಷಯದಲ್ಲಿ ನಾನು ಶುದ್ಧ ಅಜ್ಞಾನಿಯೆಂಬುದು ನಮ್ಮ ಬಂಧುಬಳಗಕ್ಕೆಲ್ಲ ತಿಳಿದ ಸಂಗತಿ. ಹೀಗಿದ್ದೂ ಕಳೆದ ತಿಂಗಳು ಒಂದು ಯಂತ್ರದ ಬಾಯಿ ಬಿಡಿಸಿದ ಕೀರ್ತಿ ನನಗೆ ಬಂದಿತು.

ನನ್ನ ಭಾವಮೈದುನ ಮನೆಗಳ ನಕ್ಷೆ ತಯಾರಿಸುವವನು. ಅವನ ಕಚೇರಿಯಲ್ಲೊಂದು ಪ್ಲಾಟರ್ ಇದೆ. 841 ಮಿಲಿಮೀಟರ್ ಅಗಲ, 1189 ಮಿಲಿಮೀಟರ್ ಉದ್ದದ ಹಾಳೆಯ ಮೇಲೆ ನಕ್ಷೆ ಮೂಡಿಸಬಲ್ಲ ದೈತ್ಯ. ನಮ್ಮ ಮನೆಯ ನಕ್ಷೆ ತರಲು ನಾನು ಹೋದ ಸಂಜೆ ಅದು ಮೌನವ್ರತ ಹಿಡಿದಿತ್ತು. ಕಂಪ್ಯೂಟರಿನಿಂದ ಆಜ್ಞೆ ಹೋಗುತ್ತಿತ್ತು, ದೀಪ ಮಿನುಗುತ್ತಿತ್ತು. ಕಾಗದ ಮಾತ್ರ ಅಲುಗದು. ಭಾವಮೈದುನನ ಕೋಪವೆಲ್ಲ, ಕೆಲಸಕ್ಕೆ ಸೇರಿ ಎರಡೇ ತಿಂಗಳಾಗಿದ್ದ ಹುಡುಗನ ಮೇಲೆ. “ಏನೋ ಒತ್ತಿ ಕೆಡಿಸಿದ್ದೀಯೆ. ನಾಳೆಯಿಂದ ಬರಬೇಡ” ಎಂದುಬಿಟ್ಟ. ಹುಡುಗ ತಲೆ ತಗ್ಗಿಸಿದನೇ ಹೊರತು ಮಾತಾಡಲಿಲ್ಲ.

ಮರುಕವೆನಿಸಿ, ಏನಾದರೊಂದು ಕೇಳಬೇಕೆಂದು ಕೇಳಿದೆ: “ಇದಕ್ಕೆ ಯಾವ ಭಾಷೆ ಬರುತ್ತದಪ್ಪ?”

ಹುಡುಗ ತಲೆಯೆತ್ತಿದ. “ಎರಡು ಬರುತ್ತವೆ ಸಾರ್. ಎಚ್‌ಪಿ-ಜಿಎಲ್ ಒಂದು, ಪೋಸ್ಟ್‌ಸ್ಕ್ರಿಪ್ಟ್ ಇನ್ನೊಂದು.”

ಮೊದಲನೆಯದು 1970ರ ದಶಕದಲ್ಲಿ ಹುಟ್ಟಿದ್ದಂತೆ. ಎರಡೆರಡು ಅಕ್ಷರಗಳ ಆಜ್ಞೆಗಳು: ‘ಪಿಯು’ ಎಂದರೆ ಲೇಖನಿ ಎತ್ತು, ‘ಪಿಡಿ’ ಎಂದರೆ ಇಳಿಸು. ಮಿಲಿಮೀಟರಿಗೆ 40 ಹೆಜ್ಜೆಯ ಲೆಕ್ಕ. ಲೇಖನಿಯೇ ಇಲ್ಲದೆ ಶಾಯಿ ಸಿಡಿಸುವ ಇಂದಿನ ಯಂತ್ರಗಳಿಗೂ ಅದೇ ಮಾತು! ನಕ್ಷೆಯ ತಂತ್ರಾಂಶವು ‘ಡ್ರೈವರ್’ ಎಂಬ ದುಭಾಷಿಯ ಮೂಲಕ ಈ ನುಡಿಯನ್ನೇ ಆಡುತ್ತಿತ್ತು.

ಹೇಳುತ್ತ ಹೇಳುತ್ತ ಹುಡುಗನಿಗೇ ಏನೋ ಹೊಳೆಯಿತು. ಯಂತ್ರದ ಫಲಕವನ್ನು ನೋಡಿದರೆ ಅಲ್ಲಿ ಪೋಸ್ಟ್‌ಸ್ಕ್ರಿಪ್ಟ್ ಒಂದನ್ನೇ ಗೊತ್ತುಮಾಡಿತ್ತು! ಬದಲಿಸಿ ಮತ್ತೆ ಆಜ್ಞೆ ಕಳಿಸಿದ. ನಮ್ಮ ಮನೆಯ ಜಗಲಿ, ನಡುಮನೆ, ಅಡುಗೆಮನೆ ಒಂದೊಂದಾಗಿ ಹೊರಬಂದವು.

ಹಾಗೆ ಗೊತ್ತುಮಾಡಿದ್ದವರು ಯಾರು? ಹಿಂದಿನ ವಾರ ಮಗಳ ನಾಮಕರಣದ ದೊಡ್ಡ ಚಿತ್ರ ಮುದ್ರಿಸಿದ್ದ ಭಾವಮೈದುನನೇ. ಅವನು ಹುಡುಗನ ಮುಖ ನೋಡಲಾರದೆ, “ನಾಳೆ ಸ್ವಲ್ಪ ಬೇಗ ಬಾರಯ್ಯ” ಎಂದ.

ನಗುತ್ತ ಹೊರಟ ನನಗೆ ದಾರಿಯಲ್ಲಿ ನಗು ನಿಂತಿತು. ಅದೇ ಬೆಳಗ್ಗೆ ಹಳಗನ್ನಡದ ತರಗತಿಯಲ್ಲಿ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ನಿಂತಿದ್ದ ಹಳ್ಳಿಯ ಹುಡುಗನೊಬ್ಬನನ್ನು “ಕಲ್ಲು” ಎಂದು ಜರೆದಿದ್ದೆ. ನನ್ನ ಮಾತು ಅವನಿಗೆ ಮುಟ್ಟುವ ಭಾಷೆಯಲ್ಲಿತ್ತೇ ಎಂದು ನಾನೆಲ್ಲಿ ನೋಡಿದ್ದೆ?

ಮರುದಿನ ಅದೇ ಪದ್ಯವನ್ನು ಅವನ ಊರಿನ ಮಾತಿನಲ್ಲಿ ಬಿಡಿಸಿ ಹೇಳಿದೆ. ಹಿಂದಿನ ಬೆಂಚಿನಿಂದ, ಬಹಳ ಮೆಲ್ಲಗೆ, ಪ್ರಶ್ನೆಯೊಂದು ಬಂದಿತು.