ಕಲ್ಲೊಡ್ಡಿನ ಹಾದಿ

ಇಟಲಿಯ ವಾಯುವ್ಯ ಕರಾವಳಿಯಲ್ಲಿ, ಕಡಿದಾದ ಬೆಟ್ಟಗಳು ನೇರವಾಗಿ ಕಡಲಿಗಿಳಿಯುವೆಡೆ, ಐದು ಪುಟ್ಟ ಊರುಗಳಿವೆ. ಮೊಂಟೆರೊಸ್ಸೊ, ವೆರ್ನಾತ್ಸಾ, ಕೊರ್ನೀಲ್ಯಾ, ಮನರೋಲಾ, ರಿಯೊಮಜ್ಜೋರೆ. ಒಟ್ಟಾಗಿ ಇವುಗಳಿಗೆ 'ಚಿಂಕ್ವೆ ತೆರ್ರೆ' ಎಂದು ಹೆಸರು; 'ಐದು ನೆಲಗಳು' ಎಂದು ಅದರ ಅರ್ಥ. ಊರಿಂದೂರಿಗೆ ರೈಲು ಕೆಲವೇ ನಿಮಿಷಗಳಲ್ಲಿ ಒಯ್ಯುತ್ತದೆ. ಆದರೆ ಅದು ಸಾಗುವುದು ಬಹುಪಾಲು ಸುರಂಗಗಳಲ್ಲಿ. ಸುರಂಗದೊಳಗೆ ಕುಳಿತವನಿಗೆ ಕಾಣುವುದೇನು? ಕಳೆದ ಏಪ್ರಿಲಿನಲ್ಲಿ, ಮಿಲಾನಿನಲ್ಲಿ ಉದ್ಯೋಗದಲ್ಲಿರುವ ಮಗಳೊಡನೆ ಅಲ್ಲಿಗೆ ಹೋದಾಗ, ಮೊಣಕಾಲಿನ ನೋವನ್ನು ಲೆಕ್ಕಿಸದೆ ನಡೆದೇ ನೋಡುವೆನೆಂದು ಹಟ ಹಿಡಿದೆ.

ಮೊಂಟೆರೊಸ್ಸೊದಿಂದ ವೆರ್ನಾತ್ಸಾಕ್ಕೆ ಸುಮಾರು ಮೂರೂವರೆ ಕಿಲೋಮೀಟರು. ನಡಿಗೆಗೆ ಎರಡು ಗಂಟೆ ಬೇಕು. ಬಲಕ್ಕೆ ಬಹು ಆಳದಲ್ಲಿ ನೀಲ ಸಮುದ್ರ. ಎಡಕ್ಕೆ ಬೆಟ್ಟದ ಮೈಯಲ್ಲಿ ಸೋಪಾನಗಳಂತೆ ಕಡಿದ ತೋಟಗಳು. ಅಲ್ಲಿ ದ್ರಾಕ್ಷಿ, ಆಲಿವ್, ನಿಂಬೆ. ಪ್ರತಿಯೊಂದು ತೋಟದ ಅಂಚಿಗೂ ಗಾರೆ ಸೋಕದ ಕಲ್ಲೊಡ್ಡು. ಯುನೆಸ್ಕೊ ಸಂಸ್ಥೆಯು ೧೯೯೭ರಲ್ಲಿ ಈ ನಾಡನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು ಕಡಲಿನ ಚೆಲುವಿಗಾಗಿ ಮಾತ್ರವಲ್ಲ. ತಲೆಮಾರುಗಳ ಕೈಗಳು ರೂಪಿಸಿದ ಈ ಬೆಟ್ಟಗಳಿಗಾಗಿ.

ಒಂದೆಡೆ ಮುದುಕನೊಬ್ಬ ಕುಸಿದ ಒಡ್ಡನ್ನು ಕಟ್ಟುತ್ತಿದ್ದ. ದಣಿದು ನಿಂತ ನಾನು ಬಳಿಯಲ್ಲಿದ್ದ ಕಲ್ಲೊಂದನ್ನು ಎತ್ತಿಕೊಟ್ಟೆ. ಆತ ಅದನ್ನು ಎರಡು ಮೂರು ಬಾರಿ ತಿರುಗಿಸಿ ನೋಡಿ, ಸರಿಯಾದ ಮುಖ ದೊರೆತೊಡನೆ ಕೂರಿಸಿ, ನನ್ನತ್ತ ನೋಡಿ ನಕ್ಕ. ಭಾಷೆ ಬೇಕಾಗಲಿಲ್ಲ. ಗಾರೆಯಿಲ್ಲದಿರುವುದೇ ಆ ಒಡ್ಡಿನ ಬಲ. ಮಳೆಯ ನೀರು ಸಂದುಗಳಿಂದ ಜಿನುಗಿ ಹೋಗುತ್ತದೆ. ಒತ್ತಡಕ್ಕೆ ಗೋಡೆ ಉಬ್ಬುವುದಿಲ್ಲ. ಆದರೆ ಬಿದ್ದ ಕಲ್ಲನ್ನು ಎತ್ತಿಡುವ ಕೈಯೊಂದು ಸದಾ ಇರಬೇಕು.

ಆಗ ಹೊನ್ನಾವರ ಸೀಮೆಯ ನಮ್ಮ ತೋಟ ನೆನಪಾಯಿತು. ಮಳೆಗಾಲಕ್ಕೆ ಮೊದಲು ತಂದೆಯವರು ಧರೆಯ ಕಲ್ಲುಗಳನ್ನು ಸರಿಪಡಿಸುತ್ತಿದ್ದರು. "ತಮ್ಮಾ, ಒಂದು ಬಿದ್ದಾಗಲೇ ಎತ್ತಿಡಬೇಕು. ತಡಮಾಡಿದರೆ ಹತ್ತು ಬೀಳುತ್ತವೆ" ಎನ್ನುತ್ತಿದ್ದರು. ನಾನು ಪುಸ್ತಕ ಹಿಡಿದು ಒಳಗೆ ಕೂರುತ್ತಿದ್ದೆ. ಮುಂದೆ ನೌಕರಿಗೆಂದು ಊರು ಬಿಟ್ಟೆ. ಅವರು ತೀರಿಕೊಂಡ ಮೇಲೆ, ಒಂದು ಆಷಾಢದ ಮಳೆಗೆ ಧರೆ ಕುಸಿದು ಅರ್ಧ ತೋಟವೇ ಮಣ್ಣುಪಾಲಾಯಿತು.

ವೆರ್ನಾತ್ಸಾದ ಬಂದರಿನಲ್ಲಿ ಬಣ್ಣಬಣ್ಣದ ಮನೆಗಳನ್ನು ನೋಡುತ್ತ ಕುಳಿತಾಗ ಮಗಳು ಹೇಳಿದಳು: "ಅಪ್ಪಾ, ೨೦೧೧ರ ಅಕ್ಟೋಬರ್ ೨೫ರಂದು ಈ ಬೀದಿಯಲ್ಲಿ ಮಹಡಿಯ ಮಟ್ಟದವರೆಗೆ ಕೆಸರು ತುಂಬಿತ್ತಂತೆ." ಕೆಲವೇ ಗಂಟೆಗಳ ಮಹಾಮಳೆಗೆ ಬೆಟ್ಟದ ಮಣ್ಣು ಕಲ್ಲುಗಳು ಊರಿನ ಮೇಲೆ ಹರಿದುಬಂದವು. ಈ ಊರಿನಲ್ಲೇ ಮೂವರು ಅಸುನೀಗಿದರು. ಮಳೆಯನ್ನು ತಡೆಯುವವರು ಯಾರು? ಆದರೆ ಸಾಗುವಳಿ ನಿಂತು ಪಾಳುಬಿದ್ದ ಒಡ್ಡುಗಳೂ ಅಂದು ಕುಸಿದಿದ್ದವು. ದುಡಿಯುವವರು ಬೆಟ್ಟವಿಳಿದು ನಗರ ಸೇರಿದ ಕಥೆ ಅಲ್ಲಿಯದೂ ಹೌದು, ನನ್ನದೂ ಹೌದು.

ಮುಂದೆ ಬಂಡೆಯ ನೆತ್ತಿಯ ಮೇಲಿರುವ ಕೊರ್ನೀಲ್ಯಾವನ್ನು ಸೇರುವಷ್ಟರಲ್ಲಿ ಕಾಲು ಸೋತಿತ್ತು. ಅಲ್ಲಿಂದ ರೈಲು ನಿಲ್ದಾಣಕ್ಕಿಳಿಯಲು ಮುನ್ನೂರೈವತ್ತಕ್ಕೂ ಹೆಚ್ಚು ಮೆಟ್ಟಿಲುಗಳು. ಉಳಿದೆರಡು ಊರುಗಳಿಗೆ ರೈಲಿನಲ್ಲೇ ಹೋದೆವು.

ಮೇ ತಿಂಗಳಲ್ಲಿ ಊರಿಗೆ ಮರಳಿ, ಮಳೆ ಹಿಡಿಯುವ ಮೊದಲೇ ತೋಟಕ್ಕೆ ಹೋದೆ. ಮುಳ್ಳುಪೊದೆಗಳ ನಡುವೆ ತಂದೆಯವರು ಜೋಡಿಸಿದ್ದ ಕಲ್ಲುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಈ ವಯಸ್ಸಿನಲ್ಲಿ ಧರೆಯನ್ನೆಲ್ಲ ಕಟ್ಟುವ ಶಕ್ತಿ ನನಗಿಲ್ಲ. ಅಂದು ಸಂಜೆಯವರೆಗೆ ಹನ್ನೊಂದು ಕಲ್ಲುಗಳನ್ನು, ಒಂದೊಂದನ್ನೂ ತಿರುಗಿಸಿ ನೋಡಿ, ಕೂರಿಸಿದೆ.