ಬಿರಡೆಯ ಹಠ

ಲೋಕದಲ್ಲಿ ಬಿಗಿಯುವುದನ್ನು ಕಲಿಸುವ ಗುರುಗಳು ಬಹಳ. ಬಿಚ್ಚುವುದನ್ನು ಕಲಿಸುವವರು ಕಡಿಮೆ. ಸೊಂಟ ಬಿಗಿಯಬೇಕು, ನಾಲಗೆ ಬಿಗಿಹಿಡಿಯಬೇಕು, ಮನೆಯ ಖರ್ಚನ್ನಂತೂ ಬಿಗಿಯಲೇಬೇಕು ಎಂದು ಚಿಕ್ಕಂದಿನಿಂದ ಕೇಳುತ್ತ ಬಂದವರು ನಾವು. ಬಿಗಿದದ್ದನ್ನು ಎಂದಾದರೊಮ್ಮೆ ಬಿಚ್ಚಬೇಕಾದೀತು ಎಂದು ಯಾರೂ ಹೇಳುವುದಿಲ್ಲ. ಕಾರಿನ ಹೊಟ್ಟೆಯಡಿಯಲ್ಲಿರುವ ಎಣ್ಣೆಯ ಬಿರಡೆ ಹೇಳುತ್ತದೆ. ಅದನ್ನು ಕೇಳಿಸಿಕೊಳ್ಳಲು ಮಾತ್ರ ನೆಲದ ಮೇಲೆ ಅಂಗಾತ ಮಲಗಬೇಕು.

ಕಾರನ್ನು ಒಳಗೆ ಕೂತು ಮಾತ್ರ ಬಲ್ಲ ವಾಚಕರಿಗಾಗಿ ಎರಡು ಮಾತು. ಎಂಜಿನ್ನಿನ ಎಣ್ಣೆಯೆಲ್ಲ ಅದರ ತಳದ ಒಂದು ಬೋಗುಣಿಯಲ್ಲಿ ಕೂಡಿರುತ್ತದೆ. ಸುತ್ತಿ ಸುತ್ತಿ, ಮಸಿಯನ್ನೂ ಲೋಹದ ಸಣ್ಣ ಪುಡಿಯನ್ನೂ ಹೊತ್ತು ಅದು ಕಪ್ಪಾಗುತ್ತದೆ. ಆಗ ಬೋಗುಣಿಯ ಅಡಿಯಲ್ಲಿರುವ ಬಿರಡೆಯನ್ನು ತಿರುಗಿಸಿ ತೆಗೆದು, ಹಳೆಯದನ್ನು ಇಳಿಸಿ ಹೊಸದನ್ನು ತುಂಬಬೇಕು. ದೀಪಾವಳಿಗೆ ನಮಗೆ ಅಭ್ಯಂಜನ ಇದ್ದಂತೆ. ನಮ್ಮದು ಮಾರುತಿ 800. ಆ ಮಾದರಿಯ ತಯಾರಿಕೆ 2014ರಲ್ಲಿ ನಿಂತಿತು. ನಮ್ಮದು ಮಾತ್ರ 15 ವರ್ಷ ದಾಟಿ, ಸರಕಾರದಿಂದ ಇನ್ನೈದು ವರ್ಷದ ಆಯುಷ್ಯ ಬರೆಸಿಕೊಂಡು ನಡೆದಿದೆ. ಹಿಂದವಾಡಿಯಿಂದ ಖಾನಾಪುರಕ್ಕೆ ಸುಮಾರು 26 ಕಿಲೋಮೀಟರು. ಮಳೆಗಾಲದಲ್ಲಿ ಆ ದಾರಿಯ ಕೆಂಪು ಕೆಸರೆಲ್ಲ ಅದರ ಹೊಟ್ಟೆಗೆ ಲೇಪವಾಗುತ್ತದೆ. ಖಂಡೆ ನವಮಿಯ ಪೂಜೆಗೆ ಮುಂಚೆ ಎಣ್ಣೆ ಬದಲಿಸುವುದು ನಾನೇ ಹಾಕಿಕೊಂಡ ವ್ರತ.

ಈ ಸಲ ಬಿರಡೆ ಅಲುಗಲಿಲ್ಲ. ಹಿಂದಿನ ಸಲ ಅವಸರಕ್ಕೆ ಆ ಕೆಲಸವನ್ನು ಹೊರಗೆ ಮಾಡಿಸಿದ್ದೆವು. ಅಲ್ಲಿಯ ಪುಣ್ಯಾತ್ಮ ಯಾರೋ ಅದನ್ನು ಜನ್ಮಾಂತರಕ್ಕೂ ಬಿಚ್ಚದಂತೆ ಬಿಗಿದಿದ್ದ. ಬಿಗಿಯುವ ಭರದಲ್ಲಿ ತಲೆಯ ಮೂಲೆಗಳನ್ನೂ ಸವೆಸಿದ್ದ. 17ರ ಪಾನಾ ಹಾಕಿದರೆ ಜಾರುತ್ತಿತ್ತು. ನಾನು ಕಾರಿನಡಿಯಿಂದ ಹೊರಬಂದು ಬೆವರು ಒರೆಸಿಕೊಳ್ಳುತ್ತಿದ್ದಾಗ, ಆಚೆಮನೆಯ ಕಟ್ಟೆಯ ಮೇಲಿನ ಕುರ್ಚಿಯಿಂದ ಮಾತು ಬಂತು: “ಜಾರಾಕ ಹತ್ತೈತಿ. ಸಪ್ಪಳದಾಗ ಗೊತ್ತಾತು. ಇನ್ನೊಮ್ಮಿ ಜಾರಿದ್ರ ಕೈಗೆ ಸಿಗೂದಿಲ್ಲ. ನಿಂದರ್ರಿ.”

ಮಾತನಾಡಿದವರು ನಮ್ಮ ಓಣಿಯ ಕಾಕಾ. ಮನೆಮಾತು ಮರಾಠಿ, ನಮ್ಮ ಮನೆಯಲ್ಲಿ ಕನ್ನಡ. ಹಿಂದವಾಡಿಯಲ್ಲಿ ಇದೇನೂ ವಿಶೇಷದ ಮಾತಲ್ಲ. ಪಾನಾ ಎಂಬ ಶಬ್ದ ಎರಡೂ ಮನೆಯಲ್ಲಿ ನಡೆಯುತ್ತದೆ. ಉದ್ಯಮಬಾಗದಲ್ಲಿ, ಎಂಜಿನ್ನಿನ ಎರಕದ ಭಾಗಗಳು ತಯಾರಾಗುವ ನಮ್ಮೂರಿನ ಆ ಕಾರಖಾನೆಗಳ ಕೇರಿಯಲ್ಲಿ, ಅವರು ಮೂವತ್ತಕ್ಕೂ ಹೆಚ್ಚು ವರ್ಷ ಲೇಥಿನ ಮುಂದೆ ನಿಂತವರು. 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವ್ಹಿಟ್‌ವರ್ತ್ ಎಂಬ ಯಂತ್ರಶಿಲ್ಪಿ ಸ್ಕ್ರೂವಿನ ಹಲ್ಲಿಗೆಲ್ಲ ಒಂದೇ ಕ್ರಮವಿರಲೆಂದು 55 ಅಂಶದ ಕೋನ ಗೊತ್ತುಮಾಡಿದ. ಈಗಿನ ಮೆಟ್ರಿಕ್ ಹಲ್ಲಿಗೆ 60. ಈ ಐದು ಅಂಶದ ಅಂತರವನ್ನು ಕಾಕಾ ಉಗುರು ಸವರಿ ಹೇಳಬಲ್ಲವರಾಗಿದ್ದರು. ಎರಡು ವರ್ಷದಿಂದ ಅವರಿಗೆ ಕಂಪವಾತ. ಚಹಾದ ಕಪ್ಪನ್ನು ಮತ್ತೊಬ್ಬರು ಹಿಡಿಯಬೇಕು. ಎಲ್ಲಿ ಗಾಯ ಮಾಡಿಕೊಂಡಾರೋ ಎಂದು ಮಗ ಅವರ ಹತ್ಯಾರಿನ ಟ್ರಂಕನ್ನು ಅಟ್ಟದ ಮೇಲೆ ಇರಿಸಿಬಿಟ್ಟಿದ್ದ. ಮಗನದೂ ಪ್ರೀತಿಯೇ, ಅನುಮಾನವಿಲ್ಲ.

ಅಂದು ಟ್ರಂಕು ಕೆಳಗಿಳಿಯಿತು. ಮಗ ಗೊಣಗುತ್ತಲೇ ಇಳಿಸಿದ. ಎಣ್ಣೆಬಟ್ಟೆಯಲ್ಲಿ ಸುತ್ತಿದ್ದ ಆರು ಮೂಲೆಯ ಸಾಕೆಟ್ಟನ್ನು ಕಾಕಾ ಎರಡೂ ಕೈಯಿಂದ ಹಿಡಿದು ನನ್ನ ಕಡೆ ಚಾಚಿದರು. ಕೈ ನಡುಗುತ್ತಿತ್ತು; ಸಾಕೆಟ್ಟು ನನ್ನ ಅಂಗೈಗೆ ಬಂದಮೇಲೇ ಅದರ ನಡುಕ ನಿಂತಿತು. ಹನ್ನೆರಡು ಮೂಲೆಯ ಪಾನಾ ತುದಿಯನ್ನಷ್ಟೇ ಕಚ್ಚುತ್ತದೆ, ಆದ್ದರಿಂದ ಸವೆದ ತಲೆಯ ಮೇಲೆ ಜಾರುತ್ತದೆ. ಆರು ಮೂಲೆಯದು ಬದಿಗಳನ್ನೇ ಅಪ್ಪಿ ಹಿಡಿಯುತ್ತದೆ ಎಂದು ವಿವರಿಸಿದರು.

ಆಮೇಲೆ ಕುರ್ಚಿಯನ್ನು ಕಾರಿನ ಪಕ್ಕಕ್ಕೆ ಹಾಕಿಸಿಕೊಂಡು ಹುಕುಂ ಶುರು. ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ ಆರಿಸಬೇಕು: ಎಣ್ಣೆ ತೆಳುವಾಗಬೇಕು, ಕೈ ಮಾತ್ರ ಸುಡಬಾರದು. ಜಾಕಿನ ಮೇಲೊಂದರ ನಂಬಿಕೆಯಿಂದ ಕಾರಿನಡಿ ಹೋಗಕೂಡದು. ಗಟ್ಟಿ ಸ್ಟ್ಯಾಂಡು ಕೊಡಬೇಕು, ಹಿಂದಿನ ಗಾಲಿಗೆ ಕಲ್ಲು ಇಡಬೇಕು. ಬಿರಡೆಯ ತಲೆಗೆ ಎದುರಾಗಿ ನೋಡುತ್ತ ಗಡಿಯಾರದ ಮುಳ್ಳಿನ ವಿರುದ್ಧ ತಿರುಗಿಸಬೇಕು. ನಿಂತವನ ಲೆಕ್ಕಕ್ಕೂ ಮಲಗಿದವನ ಲೆಕ್ಕಕ್ಕೂ ಇಲ್ಲಿ ಎಡಬಲ ಅದಲುಬದಲು. ಎಷ್ಟೋ ಬಿರಡೆಗಳು ಬಿಚ್ಚುವ ಹೆಸರಿನಲ್ಲಿ ಇನ್ನಷ್ಟು ಬಿಗಿಯಾಗಿರುವುದು ಹೀಗೆ. ಸಾಕೆಟ್ಟನ್ನು ಸುತ್ತಿಗೆಯಿಂದ ತಲೆಗೆ ಏರಿಸಿ, ಮೇಲೆ ನಾಲ್ಕು ಹಗುರಾದ ಪೆಟ್ಟು. “ಹೊಡೀಬ್ಯಾಡ್ರಿ, ತಟ್ಟರಿ. ಮಲಗಿದ ಕೂಸನ್ನ ಎಬ್ಬಿಸಿದಂಗ.” ಒಂದಕ್ಕೊಂದು ಕಚ್ಚಿಕೊಂಡ ಎರಡು ಲೋಹಗಳ ಹಿಡಿತ ಆ ಸಣ್ಣ ಕಂಪನಕ್ಕೆ ಸಡಿಲುತ್ತದಂತೆ.

ಇನ್ನು ಹಿಡಿಕೆಗೆ ಕೊಳವೆ ಸೇರಿಸಿ ಉದ್ದ ಮಾಡಿದೆವು. ಉದ್ದ ಇಮ್ಮಡಿಯಾದರೆ ತಿರುಚುವ ಬಲವೂ ಇಮ್ಮಡಿ. ತೋಳಿನ ಬಡತನವನ್ನು ಕಬ್ಬಿಣ ತುಂಬಿಕೊಡುತ್ತದೆ. ನಾನು ಎಳೆದೆ. ಒಳಗೆಲ್ಲೋ ‘ಕಿರ್’ ಎಂದಿತು. ನನ್ನ ಎದೆ ಝಲ್ಲೆಂದಿತು, ಬಿರಡೆಯೇ ಮುರಿಯಿತೋ ಏನೋ ಎಂದು. ಕಾಕಾ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದರು. “ಟಕ್ ಅಂದ್ರ ಮುರೀತು ಅಂತ. ಕಿರ್ ಅಂದ್ರ ಬಂತು ಅಂತ. ಬಂತು! ಎಳೀರಿ!” ಕೈಗಷ್ಟೇ ಅವರಿಗೆ ಕಂಪ; ಕಿವಿಗೆ ಇರಲಿಲ್ಲ. ಮುಂದಿನ ಎಳೆತಕ್ಕೆ ಬಿರಡೆ ಸಡಿಲಿತು. ಒಮ್ಮೆ ಹೊರಟಮೇಲೆ ಬೆರಳಿಗೇ ಬಂದುಬಿಟ್ಟಿತು. ನಿಂತದ್ದನ್ನು ಹೊರಡಿಸಲು ಬೇಕಾದಷ್ಟು ಬಲ, ಹೊರಟದ್ದನ್ನು ನಡೆಸಲು ಬೇಡವಷ್ಟೆ. ಕರಿಯ ಎಣ್ಣೆ ಧಾರೆಯಾಗಿ ಪಾತ್ರೆಗೆ ಬಿತ್ತು.

ಬಿರಡೆಯನ್ನು ಒರೆಸಿ ಅವರ ಅಂಗೈಯಲ್ಲಿಟ್ಟೆ. ಬೆರಳು ನಡುಗುತ್ತಲೇ ಹಲ್ಲುಗಳನ್ನು ಸವರಿದವು. ಚಪ್ಪಟೆಯಾಗಿ ಹಿಂಡಿಹೋದ ವಾಷರಿನ ಮೇಲೆ ನಿಂತವು. “ಇದು ತುಕ್ಕಲ್ಲ ನೋಡ್ರಿ, ಅಂಜಿಕಿ. ಹಳೇ ವಾಷರ್ ಹಾಕಿ, ಎಲ್ಲಿ ಸೋರತೈತೋ ಅಂತ ಅಂಜಿ ಬಿಗಿದಾರ.” ಪಕ್ಕದಲ್ಲಿ ಟಾರ್ಚು ಹಿಡಿದು ನಿಂತಿದ್ದ ಮಗ ಏನೂ ಅನ್ನಲಿಲ್ಲ.

ಹೊಸ ಬಿರಡೆ, ಹೊಸ ವಾಷರು ತಂದದ್ದಾಯಿತು. ಕೂಡಿಸುವ ಗುಟ್ಟನ್ನೂ ಹೇಳಿದರು: ಮೊದಲು ಉಲ್ಟಾ ತಿರುಗಿಸುತ್ತ ಹೋಗಬೇಕು, ಹಲ್ಲು ಹಲ್ಲಿಗೆ ಇಳಿದಾಗ ಬೆರಳಿಗೆ ಒಂದು ಸಣ್ಣ ಕುಸಿತ ತಿಳಿಯುತ್ತದೆ, ಅಲ್ಲಿಂದ ಸುಲ್ಟಾ. ಕೊನೆಯವರೆಗೂ ಬೆರಳಿನಿಂದಲೇ. ಕಡೆಯ ಬಿಗಿತಕ್ಕೆ ಗೇಣುದ್ದದ ಹಿಡಿಕೆಯ ತುದಿಗೆ ಸುಮಾರು 15 ಕಿಲೋ ಭಾರ ಬಿದ್ದಷ್ಟು ಒತ್ತು ಸಾಕು. ಹಳೆಯ ಎಣ್ಣೆಯನ್ನು ಗಟಾರಕ್ಕೆ ಸುರಿಯದೆ ಡಬ್ಬಿಗೆ ತುಂಬಿ, ಅಂಥದನ್ನು ತೆಗೆದುಕೊಳ್ಳುವವರಿಗೆ ಮುಟ್ಟಿಸಿದೆ. ಅಪಾಯಕಾರಿ ತ್ಯಾಜ್ಯದ 2016ರ ನಿಯಮದ ಮಾತು ಹಾಗಿರಲಿ, ಓಣಿಯ ಬಾವಿಗಳ ಮಾತೂ ಇದೆಯಲ್ಲ.

ಟ್ರಂಕು ಮತ್ತೆ ಅಟ್ಟ ಹತ್ತಲಿಲ್ಲ. ಕಟ್ಟೆಯ ಮೇಲೆ, ಕಾಕಾನ ಕುರ್ಚಿಯ ಬಳಿಯೇ ಇದೆ. ಖಂಡೆ ನವಮಿಯ ದಿನ ಮಗನೇ ಅದಕ್ಕೆ ಕುಂಕುಮ, ಚೆಂಡುಹೂವು ಏರಿಸಿದ್ದನ್ನು ಕಂಡೆ. ಈಗ ಓಣಿಯ ಹುಡುಗರು ಸ್ಕೂಟರಿನ, ಸೈಕಲ್ಲಿನ ಸಪ್ಪಳ ತೋರಿಸಿಕೊಳ್ಳಲು ಅವರ ಕುರ್ಚಿಯ ಮುಂದೆ ಬಂದು ನಿಲ್ಲುತ್ತಾರೆ. ಎಲ್ಲರಿಗೂ ಕಾಕಾ ಹೇಳುವುದು ಒಂದೇ ಮಾತು: “ಸೋರಬಾರದು, ಅಷ್ಟ ಬಿಗೀರಿ. ಮುಂದ ಬಿಚ್ಚಾವ ಒಬ್ಬ ಬರತಾನ.”