ಚಿತ್ರ ತೋರಿಸುವವರಿಗೂ ಸಂಬಳ

ಮಕ್ಕಳೇ, ಅಮೆರಿಕದ ನ್ಯೂ ಹೇವನ್ ಊರಿನಲ್ಲಿ ಯೇಲ್ ವಿಶ್ವವಿದ್ಯಾಲಯದ ಕಲಾ ಮ್ಯೂಸಿಯಂ ಇದೆ. ಶುರುವಾದದ್ದು 1832ರಲ್ಲಿ, ಟಿಕೆಟ್ ಇಲ್ಲ. ನಮ್ಮ ಅಹಮದಾಬಾದಿನ ಐಐಎಂ ಕಟ್ಟಡದ ನಕ್ಷೆ ಬರೆದ ಲೂಯಿ ಕಾನ್ ಅವರೇ ಇಲ್ಲಿನ ಒಂದು ಕಟ್ಟಡಕ್ಕೂ ನಕ್ಷೆ ಬರೆದವರು.

ವ್ಯಾನ್ ಗೋ 1888ರಲ್ಲಿ ಬರೆದ ‘ರಾತ್ರಿಯ ಕೆಫೆ’ ಚಿತ್ರ ಇಲ್ಲಿದೆ. ಕೆಂಪು ಗೋಡೆ, ಹಸಿರು ಚಾವಣಿ, ಉರಿಯುವ ದೀಪಗಳು. ಶಾಲಾ ಮಕ್ಕಳು ಬಂದರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೇ ಮೇಷ್ಟರು. “ಏನು ಕಾಣುತ್ತಿದೆ, ಹೇಳಿ” ಎಂದು ಮಕ್ಕಳ ಬಾಯಿಂದಲೇ ಉತ್ತರ ತೆಗೆಸುತ್ತಾರೆ. ಆ ಕೆಲಸಕ್ಕೆ ಸಂಬಳವುಂಟು.

ಬ್ಯಾಂಕಿನ ಗುಮಾಸ್ತನಾಗಿದ್ದ ನನಗೆ ಈ ಲೆಕ್ಕ ಹಿಡಿಸಿತು. ಬಿಟ್ಟಿ ದುಡಿಮೆಯಾದರೆ ಉಳ್ಳವರ ಮಕ್ಕಳಷ್ಟೇ ಬಂದಾರು; ಸಂಬಳವಿದ್ದರೆ ಕೂಲಿಯವನ ಮಗಳೂ ಬಂದಾಳು.

ಅಜ್ಜ-ಅಜ್ಜಿಯರೇ, ಮೊಮ್ಮಗಳು ಚಿತ್ರಕಲೆ ಓದುತ್ತೇನೆಂದರೆ ಒಮ್ಮೆಗೇ ಬೇಡವೆನ್ನಬೇಡಿ.